ವಿಷಾನಿಲ, ಕಾರ್ಖಾನೆ ಮತ್ತು ಕಾನೂನು

ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯ ಎಂದು ಹೆಸರು. ಪಾಂಚಾಲ ದೇಶದ ಕಾಂಪಿಲ್ಯದಲ್ಲಿ, ಗಂಗೆಯ ದಂಡೆಯ ಮೇಲೆ ನಡೆಯುತ್ತಿರುವಾಗ ಅಗ್ನಿವೇಶನು ಗುರು ಆತ್ರೇಯನನ್ನು ಒಂದು ಪ್ರಶ್ನೆ ಕೇಳುತ್ತಾನೆ. ಜನರ ಪ್ರಕೃತಿ ಬೇರೆ, ಆಹಾರ ಬೇರೆ, ದೇಹಬಲ ಬೇರೆ, ವಯಸ್ಸು ಬೇರೆ. ಹೀಗಿರುವಾಗ ಒಂದೇ ಕಾಲದಲ್ಲಿ, ಒಂದೇ ವ್ಯಾಧಿಯಿಂದ ಇಡೀ ಸೀಮೆಯೇ ಹೇಗೆ ನಾಶವಾಗುತ್ತದೆ ಎಂಬುದು ಆ ಪ್ರಶ್ನೆ. ಎಲ್ಲರಿಗೂ ಸಮಾನವಾಗಿರುವ ವಾಯು, ಉದಕ, ದೇಶ, ಕಾಲ ಈ ನಾಲ್ಕು ಕೆಟ್ಟಾಗ ಹಾಗಾಗುತ್ತದೆ ಎಂದು ಆತ್ರೇಯನು ಉತ್ತರಿಸುತ್ತಾನೆ. ಅಲ್ಲಿಗೇ ನಿಲ್ಲುವುದಿಲ್ಲ. ಇವು ಕೆಡುವುದಕ್ಕೆ ಮೂಲ ಅಧರ್ಮ. ದೇಶ, ನಗರ, ವ್ಯಾಪಾರಿ ಸಂಘ, ಜನಪದ ಇವುಗಳ ಮುಖ್ಯಸ್ಥರು ಧರ್ಮ ಮೀರಿ ನಡೆದುಕೊಂಡಾಗ ಆ ಅಧರ್ಮ ಕೆಳಗಿನವರಿಗೂ ಹರಡಿ ಬೆಳೆಯುತ್ತದೆ ಎಂದೂ ಹೇಳುತ್ತಾನೆ. ವೈದ್ಯಗ್ರಂಥವೊಂದು ರೋಗದ ಕಾರಣವನ್ನು ಹುಡುಕುತ್ತ ಆಡಳಿತದ ಬಾಗಿಲವರೆಗೆ ಹೋಗಿರುವುದು ನಮಗೆ ಯಾವಾಗಲೂ ವಿಶೇಷವೆನಿಸಿದೆ.

ಆರೋಗ್ಯ ವಿಭಾಗದಲ್ಲಿ ಋತುಚರ್ಯೆ, ಪಥ್ಯ, ಕಷಾಯಗಳ ವಿಷಯವನ್ನು ನಿರೀಕ್ಷಿಸುವ ಸದ್ಭಕ್ತರಿಗೆ ಈ ಸಲ ನಾವು ಕಾನೂನಿನ ವಿಷಯವನ್ನು ವಿವರಿಸಲು ಹೊರಟಿದ್ದೇವೆ. ಕಾರಣವಿಷ್ಟೆ: ಕೆಲವು ರೋಗಗಳಿಗೆ ವೈದ್ಯನ ಬಳಿ ಇರುವ ಚಿಕಿತ್ಸೆ ಬಹಳ ಅಲ್ಪ, ಅವನ್ನು ತಡೆಯುವ ಶಕ್ತಿ ಇರುವುದು ನಿಯಮಪಾಲನೆಯಲ್ಲಿ ಮಾತ್ರ. ಕಾರ್ಖಾನೆಯಿಂದ ಒಮ್ಮೆಲೇ ಹೊರಬಿದ್ದ ವಿಷಾನಿಲವು ಅಂಥದ್ದು. ನಮ್ಮ ಭಕ್ತರಲ್ಲಿ ಅನೇಕರ ಊರುಗಳ ಪಕ್ಕದಲ್ಲಿ ಇಂದು ಕೈಗಾರಿಕಾ ಪ್ರದೇಶಗಳಿವೆ. ಬೀದರದ ಕೊಳಾರ, ಯಾದಗಿರಿಯ ಕಡೇಚೂರು ಮುಂತಾದೆಡೆ ಔಷಧ ಹಾಗೂ ರಾಸಾಯನಿಕ ಘಟಕಗಳು ಬಂದಿವೆ. ಕರಾವಳಿಯಲ್ಲಂತೂ ಮೊದಲಿನಿಂದಲೂ ಇವೆ. ಅವುಗಳಿಂದ ಉದ್ಯೋಗವೂ ಬಂದಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಆವರಣದ ಗೋಡೆಯಾಚೆ ಏನಿದೆ, ಎಷ್ಟಿದೆ, ಅದು ಹೊರಬಿದ್ದರೆ ತಾವು ಏನು ಮಾಡಬೇಕು ಎಂಬುದನ್ನು ತಿಳಿಯುವ ಹಕ್ಕು ಪಕ್ಕದ ಊರಿನವರಿಗೆ ಇದೆಯೆಂಬುದು ಬಹುಮಂದಿಗೆ ಗೊತ್ತಿಲ್ಲ.

ಈ ಹಕ್ಕು ಹುಟ್ಟಿದ್ದು ಭೋಪಾಲದ ಹೆಣಗಳ ರಾಶಿಯಿಂದ. 1984ರ ಡಿಸೆಂಬರ್ 2ರ ನಡುರಾತ್ರಿ ಕಳೆದು 3ನೆಯ ತಾರೀಖು ಹುಟ್ಟುವ ಹೊತ್ತಿಗೆ, ಅಲ್ಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಒಂದು ತೊಟ್ಟಿಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಬಿದ್ದಿತು. ಆಗ ನಾವು ಆಯುರ್ವೇದ ಪದವಿಯ ವ್ಯಾಸಂಗದಲ್ಲಿದ್ದೆವು. ಅಗದತಂತ್ರದ ಪಾಠದಲ್ಲಿ ಸ್ಥಾವರ ವಿಷ, ಜಂಗಮ ವಿಷ, ಕೃತ್ರಿಮ ವಿಷಗಳನ್ನು ಓದುತ್ತಿದ್ದವರಿಗೆ, ಒಂದು ನಗರದ ನಿದ್ದೆಯಲ್ಲಿದ್ದ ಜನರನ್ನೆಲ್ಲ ಒಟ್ಟಿಗೆ ಮುಟ್ಟುವ ಕೃತ್ರಿಮ ವಿಷವೊಂದು ಇರಬಹುದೆಂಬುದು ಆ ವಾರದ ಪತ್ರಿಕೆಗಳಿಂದ ತಿಳಿಯಿತು.

ಆ ರಾತ್ರಿ ನಡೆದುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಏಕೆಂದರೆ ಮುಂದೆ ಬಂದ ನಿಯಮಗಳ ಒಂದೊಂದು ವಾಕ್ಯದ ಹಿಂದೆಯೂ ಅಲ್ಲಿನ ಒಂದೊಂದು ಲೋಪವಿದೆ. ಮೀಥೈಲ್ ಐಸೊಸಯನೇಟ್ ಎಂಬುದು ಸೆವಿನ್ ಎಂಬ ಕೀಟನಾಶಕದ ತಯಾರಿಕೆಯಲ್ಲಿ ನಡುವಣ ಹಂತದ ದ್ರವ. ಸುಮಾರು 39 ಡಿಗ್ರಿ ಸೆಲ್ಸಿಯಸ್‌ಗೆ ಅದು ಕುದಿಯುತ್ತದೆ, ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನದ ಬಿಸಿಯೇ ಅದಕ್ಕೆ ಸಾಕು. ನೀರು ಸೇರಿದರೆ ತಾನೇ ಕಾಯುತ್ತದೆ. ಕಾದಷ್ಟೂ ಕ್ರಿಯೆ ತೀವ್ರವಾಗಿ ಮತ್ತಷ್ಟು ಕಾಯುತ್ತದೆ. ಆದ್ದರಿಂದ ಅದನ್ನು ತಣ್ಣಗೆ, ಒಣಗಿದ ತೊಟ್ಟಿಯಲ್ಲಿ ಇಡಬೇಕು. ಆ ರಾತ್ರಿ ತೊಟ್ಟಿಯೊಳಗೆ ನೀರು ಹೋಯಿತು. ತೊಟ್ಟಿಗಳನ್ನು ತಣ್ಣಗಿಡುವ ಶೀತಲಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಹೊರಬಂದ ಅನಿಲವನ್ನು ಸುಟ್ಟುಹಾಕಬೇಕಾದ ಉರಿಗೋಪುರವು ಕೊಳವೆಯ ದುರಸ್ತಿಗಾಗಿ ಕೆಲಸದಲ್ಲಿರಲಿಲ್ಲ. ಕ್ಷಾರದ್ರಾವಣದಿಂದ ಅನಿಲವನ್ನು ತೊಳೆಯಬೇಕಾದ ಯಂತ್ರಕ್ಕೆ ಅಷ್ಟೊಂದು ಅನಿಲವನ್ನು ತಾಳುವ ಶಕ್ತಿಯೇ ಇರಲಿಲ್ಲ. ಅಗ್ನಿಶಾಮಕದ ನೀರಿನ ಧಾರೆಯು ಅನಿಲ ಹೊರಬರುತ್ತಿದ್ದ ಕೊಳವೆಯ ಎತ್ತರವನ್ನು ಮುಟ್ಟಲಿಲ್ಲ. ಊರಿಗೆ ಕೇಳಿಸುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತಿತು; ಅದು ಮತ್ತೆ ಕೂಗುವ ವೇಳೆಗೆ ಅನಿಲವು ಬಸ್ತಿಗಳನ್ನು ಹೊಕ್ಕಾಗಿತ್ತು.

ಅಂಥ ದ್ರವವನ್ನು ಟನ್ನುಗಟ್ಟಲೆ ಕೂಡಿಟ್ಟುಕೊಳ್ಳಬೇಕಾಗಿತ್ತೇ ಎಂಬುದು ಮೂಲಭೂತ ಪ್ರಶ್ನೆ. ಬೇಕಾದಷ್ಟನ್ನು ಬೇಕಾದಾಗ ತಯಾರಿಸಿ ಕೂಡಲೇ ಬಳಸಿಕೊಂಡಿದ್ದರೆ, ನೀರು ಸೇರಿದರೂ ಅನಾಹುತ ಕಾರ್ಖಾನೆಯ ಒಳಗೇ ಮುಗಿಯುತ್ತಿತ್ತು. ಭೋಪಾಲದ ಪತ್ರಕರ್ತ ರಾಜಕುಮಾರ ಕೇಸ್ವಾನಿ ಅವರು 1982ರಲ್ಲಿಯೇ ಈ ಕಾರ್ಖಾನೆಯಿಂದ ನಗರಕ್ಕಿರುವ ಅಪಾಯವನ್ನು ಬರೆದು ಎಚ್ಚರಿಸಿದ್ದರು. ಓದಿದವರು ಇದ್ದರು, ನಡೆದುಕೊಂಡವರು ಇರಲಿಲ್ಲ.

ವೈದ್ಯದೃಷ್ಟಿಯಿಂದ ನಮ್ಮನ್ನು ಕಾಡುವ ಸಂಗತಿ ಇನ್ನೊಂದು. ಆ ಬೆಳಗಿನ ಜಾವ ಹಮೀದಿಯಾ ಆಸ್ಪತ್ರೆಗೆ ಸಾವಿರಾರು ಜನ ಕಣ್ಣು ಉರಿಯುತ್ತ, ನೊರೆ ಕೆಮ್ಮುತ್ತ ಬಂದಾಗ, ಇದು ಯಾವ ಅನಿಲ, ಇದಕ್ಕೆ ಏನು ಚಿಕಿತ್ಸೆ ಎಂಬ ಖಚಿತ ಮಾಹಿತಿ ಅಲ್ಲಿನ ವೈದ್ಯರಿಗೆ ದೊರೆಯಲಿಲ್ಲ. ವ್ಯಾಪಾರದ ಗುಟ್ಟಾಗಿ ಉಳಿದ ಮಾಹಿತಿ ರೋಗಿಯ ಹಾಸಿಗೆಯ ಪಕ್ಕಕ್ಕೆ ಬರಲಿಲ್ಲ. ಮೀಥೈಲ್ ಐಸೊಸಯನೇಟಿನ ಆವಿ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ; ಅದು ನೆಲವನ್ನು ಹತ್ತಿಕೊಂಡು ಹರಿಯುತ್ತದೆ. ಗುಡಿಸಲಿನ ನೆಲದ ಮೇಲೆ ಮಲಗಿದ್ದವರೂ ಮಕ್ಕಳೂ ಮೊದಲು ಬಲಿಯಾದರು. ಎಚ್ಚರಗೊಂಡವರು ಗಾಳಿ ಬೀಸುವ ದಿಕ್ಕಿಗೇ ಓಡಿದರು, ಅನಿಲವೂ ಅವರ ಜೊತೆಗೇ ಸಾಗಿತು. ಓಡಿದಷ್ಟೂ ಉಸಿರು ಹೆಚ್ಚಿ ವಿಷವೂ ಹೆಚ್ಚು ಒಳಗೆ ಹೋಯಿತು. ಒದ್ದೆ ಬಟ್ಟೆಯನ್ನು ಮೂಗುಬಾಯಿಗೆ ಒತ್ತಿಕೊಂಡು ಗಾಳಿಗೆ ಅಡ್ಡಲಾಗಿ ಸರಿಯಿರಿ ಎಂಬ ಒಂದು ಮಾತನ್ನು ಮೊದಲೇ ಆ ಜನರಿಗೆ ಕಲಿಸಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಸತ್ತವರ ಮೊದಲ ಅಧಿಕೃತ ಲೆಕ್ಕ 2,259. ಮಧ್ಯಪ್ರದೇಶ ಸರ್ಕಾರ ಮುಂದೆ ದೃಢಪಡಿಸಿದ ಸಂಖ್ಯೆ 3,787; ಅದು ಬಹಳ ಕಡಿಮೆಯೆಂದು ಸಂತ್ರಸ್ತರ ಸಂಘಟನೆಗಳು ಇಂದಿಗೂ ಹೇಳುತ್ತವೆ. ಬಾಧಿತರಾದವರು 5,58,125 ಎಂದು ಸರ್ಕಾರವೇ 2006ರಲ್ಲಿ ಪ್ರಮಾಣಪತ್ರ ಸಲ್ಲಿಸಿತು. 1989ರಲ್ಲಿ 47 ಕೋಟಿ ಡಾಲರಿಗೆ ಪರಿಹಾರದ ಒಪ್ಪಂದವಾಯಿತು. ಕಾರ್ಖಾನೆಯ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷಗಳ ಸೆರೆವಾಸದ ಶಿಕ್ಷೆ ಘೋಷಣೆಯಾದುದು 2010ರಲ್ಲಿ.

ಭೋಪಾಲಕ್ಕಿಂತ ಮುಂಚೆ ಕಾನೂನೇ ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯ್ದೆ ಇತ್ತು. ಆದರೆ ಅದರ ಕಣ್ಣು ಆವರಣದ ಗೋಡೆಯ ಒಳಗಷ್ಟೇ ಇತ್ತು. ಯಂತ್ರಕ್ಕೆ ಕೈ ಸಿಲುಕಿದ ಕಾರ್ಮಿಕನನ್ನು ಅದು ನೋಡುತ್ತಿತ್ತು, ಗೋಡೆಯಾಚೆ ಮಲಗಿದ್ದ ಮಗುವನ್ನು ನೋಡುತ್ತಿರಲಿಲ್ಲ. ಯುರೋಪಿನವರು ಈ ಪಾಠವನ್ನು ಸ್ವಲ್ಪ ಮೊದಲೇ ಕಲಿತಿದ್ದರು. ಇಟಲಿಯ ಮಿಲಾನ್ ನಗರದ ಸಮೀಪ 1976ರ ಜುಲೈ 10ರಂದು ಒಂದು ಕಾರ್ಖಾನೆಯಿಂದ ಡೈಆಕ್ಸಿನ್ ಎಂಬ ವಿಷವು ಸೆವೆಸೊ ಎಂಬ ಊರಿನ ಮೇಲೆ ಕವಿದು, ಜಾನುವಾರುಗಳು ಸತ್ತು, ಮಕ್ಕಳ ಚರ್ಮದ ಮೇಲೆ ಬೊಕ್ಕೆಗಳೆದ್ದವು. ಅದರ ಫಲವಾಗಿ 1982ರಲ್ಲಿ ಯುರೋಪಿನ ರಾಷ್ಟ್ರಗಳು ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ನಿರ್ದೇಶವನ್ನು ತಂದವು. ಅದರ ತಿರುಳು ಸರಳ: ಅಪಾಯಕಾರಿ ವಸ್ತು ಒಂದು ಮಿತಿಯನ್ನು ಮೀರಿ ಒಂದೆಡೆ ಸೇರಿದರೆ ಅದು ಮಾಲೀಕನೊಬ್ಬನ ವಿಷಯವಾಗಿ ಉಳಿಯುವುದಿಲ್ಲ, ಸುತ್ತಲಿನ ಸಮಾಜದ ವಿಷಯವಾಗುತ್ತದೆ. ನಮ್ಮ ದೇಶದ ನಿಯಮಗಳೂ ಇದೇ ಮಾದರಿಯವು.

ಭೋಪಾಲದ ಮೊದಲ ವರ್ಷಾಂತಿಕ ಮುಗಿದ ಮರುದಿನವೇ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ 1986ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠವು ನೀಡಿದ ತೀರ್ಪು ಮಹತ್ವದ್ದು. ಅಪಾಯಕಾರಿ ಉದ್ಯಮ ನಡೆಸುವವನು ಅದರಿಂದಾದ ಹಾನಿಗೆ ಪೂರ್ಣ ಹೊಣೆಗಾರ. ತಾನು ಎಚ್ಚರಿಕೆ ವಹಿಸಿದ್ದೆ, ಇದು ದೈವಕೃತ್ಯ, ಇದು ಹೊರಗಿನವನ ಕೈವಾಡ ಎಂಬ ಯಾವ ನೆಪವೂ ಸಲ್ಲದು. ಉದ್ಯಮ ದೊಡ್ಡದಾದಷ್ಟೂ ತೆರಬೇಕಾದ ಪರಿಹಾರವೂ ದೊಡ್ಡದು ಎಂದು ನ್ಯಾಯಾಲಯ ಹೇಳಿತು. ಅದುವರೆಗೆ ನಮ್ಮ ನ್ಯಾಯಾಲಯಗಳು ಅನುಸರಿಸುತ್ತಿದ್ದ 19ನೆಯ ಶತಮಾನದ ಇಂಗ್ಲಿಷ್ ತತ್ತ್ವದಲ್ಲಿ ಇಂಥ ನೆಪಗಳಿಗೆ ಎಡೆಯಿತ್ತು.

1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂದಿತು. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. ಅಪಾಯಕಾರಿ ಕಾರ್ಖಾನೆಯ ಸ್ಥಳವನ್ನು ಮೊದಲು ಸಮಿತಿಯೊಂದು ಪರಿಶೀಲಿಸಬೇಕು. ಅಪಾಯಗಳ ವಿವರವನ್ನು ಕಾರ್ಮಿಕರಿಗೂ ಸ್ಥಳೀಯ ಸಂಸ್ಥೆಗೂ ನೆರೆಯ ಜನರಿಗೂ ತಿಳಿಸಬೇಕು. ಅಂಥ ಕೆಲಸಕ್ಕೆ ಹಚ್ಚುವ ಮೊದಲು ಮತ್ತು ಆಮೇಲೆ 12 ತಿಂಗಳು ಮೀರದಂತೆ ಕಾರ್ಮಿಕನ ವೈದ್ಯಕೀಯ ತಪಾಸಣೆ ನಡೆಯಬೇಕು. ಅಪಾಯ ಹತ್ತಿರವಿದೆಯೆಂದು ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕನಿಗೇ ಇದೆ. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿಯೂ ಈ ಅಂಶಗಳನ್ನು ಮುಂದುವರಿಸಲಾಗಿದೆ. ನಮ್ಮಲ್ಲಿಗೆ ಕೆಮ್ಮು, ದಮ್ಮು ಎಂದು ಬರುವ ತರುಣ ಕಾರ್ಮಿಕರನ್ನು ವಾರ್ಷಿಕ ತಪಾಸಣೆಯ ಚೀಟಿ ತೋರಿಸಿರೆಂದು ಕೇಳುವುದು ನಮ್ಮ ರೂಢಿ. ಅಂಥದ್ದೊಂದು ಇದೆಯೆಂಬುದೇ ಅವರಲ್ಲಿ ಹಲವರಿಗೆ ಆಗ ಗೊತ್ತಾಗುತ್ತದೆ.

ಮುಖ್ಯ ನಿಯಮಾವಳಿ ಹೊರಬಿದ್ದುದು 1989ರ ನವೆಂಬರ್ 27ರಂದು, ಭೋಪಾಲದ ಐದನೆಯ ವರ್ಷಾಂತಿಕಕ್ಕೆ ಕೆಲವೇ ದಿನ ಮೊದಲು. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳೆಂದು ಅದರ ಹೆಸರು. 1994ರಲ್ಲಿಯೂ 2000ದಲ್ಲಿಯೂ ಅದಕ್ಕೆ ತಿದ್ದುಪಡಿಗಳಾದವು. ಅದರ ಅನುಬಂಧದಲ್ಲಿ 684 ರಾಸಾಯನಿಕಗಳ ಪಟ್ಟಿಯಿದೆ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲ್ಲ ಕಟ್ಟುಪಾಡುಗಳೂ ಅನ್ವಯಿಸುವುದಿಲ್ಲ, ಪ್ರಮಾಣವನ್ನು ನೋಡಬೇಕು. ವೈದ್ಯರಿಗೆ ಇದು ಪರಿಚಿತವಾದ ವಿಚಾರವೇ. ಶೋಧಿಸಿದ ವತ್ಸನಾಭಿಯೂ ಮಾತ್ರೆಯಲ್ಲಿದ್ದರೆ ಔಷಧ, ಮಾತ್ರೆ ಮೀರಿದರೆ ವಿಷ.

ಕ್ಲೋರಿನ್ನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದು ಆವರಣದಲ್ಲಿ ಕ್ಲೋರಿನ್ 10 ಟನ್ ತಲಪಿದರೆ, ಅಲ್ಲಿಂದ ಮುಂದೆ ಆ ಸ್ಥಳದ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸುವುದು, ತುರ್ತು ಯೋಜನೆ ಸಿದ್ಧಪಡಿಸುವುದು, ನೆರೆಯವರಿಗೆ ಮಾಹಿತಿ ಕೊಡುವುದು ಕಡ್ಡಾಯ. 25 ಟನ್ ತಲಪಿದರೆ ಸುರಕ್ಷತಾ ವರದಿ ಬರೆಯಬೇಕು ಮತ್ತು ಆ ಕಾರ್ಖಾನೆಗೆ ಸಂಬಂಧಪಡದ ಪರಿಣತರಿಂದ ಸುರಕ್ಷತೆಯ ಲೆಕ್ಕಪರಿಶೋಧನೆ ಮಾಡಿಸಬೇಕು. ಭೋಪಾಲದ ಮೀಥೈಲ್ ಐಸೊಸಯನೇಟಿಗೆ ಇಟ್ಟಿರುವ ಮಿತಿ 150 ಕಿಲೋಗ್ರಾಂ ಮಾತ್ರ. ಅಲ್ಲಿ ಒಂದು ತೊಟ್ಟಿಯಿಂದ ಸುಮಾರು 40 ಟನ್ ಹೊರಬಿದ್ದಿತ್ತು ಎಂಬುದನ್ನು ನೆನೆದರೆ ಈ ಸಂಖ್ಯೆಯ ಅರ್ಥ ತಿಳಿಯುತ್ತದೆ.

ಕ್ಲೋರಿನ್ ಎಂದರೆ ದೂರದ ಕಾರ್ಖಾನೆಯ ವಸ್ತುವೆಂದು ತಿಳಿಯಬಾರದು. ನಾವು ಕುಡಿಯುವ ನಳದ ನೀರನ್ನು ಶುದ್ಧಿಗೊಳಿಸಲು ನಗರಗಳ ಜಲಶುದ್ಧೀಕರಣ ಘಟಕಗಳಲ್ಲಿ ಅದನ್ನು ಬಳಸುತ್ತಾರೆ. ಟನ್ನರ್ ಎಂದು ಕರೆಯುವ ದೊಡ್ಡ ಉರುಳೆಯಲ್ಲಿ ಸುಮಾರು 900 ಕಿಲೋಗ್ರಾಂ ದ್ರವೀಕೃತ ಕ್ಲೋರಿನ್ ಇರುತ್ತದೆ. ಶೌಚಾಲಯ ತೊಳೆಯುವಾಗ ಬ್ಲೀಚಿಂಗ್ ಪುಡಿಗೆ ಆಮ್ಲ ಬೆರೆಸಿ ಉಸಿರುಕಟ್ಟಿದ ಅನುಭವ ಕೆಲವರಿಗಾದರೂ ಆಗಿರಬಹುದು; ಹಾಗೆ ಎಂದೂ ಬೆರೆಸಬಾರದು, ಆಗ ಹೊರಡುವುದು ಇದೇ ಕ್ಲೋರಿನ್. ಹಾಗೆಯೇ ಮಂಜುಗಡ್ಡೆ ಕಾರ್ಖಾನೆ, ಶೀತಲಗೃಹ, ಹಾಲಿನ ಡೇರಿಗಳಲ್ಲಿ ತಂಪಿಗಾಗಿ ಅಮೋನಿಯಾ ಇರುತ್ತದೆ. ಇವುಗಳಲ್ಲಿ ಬಹಳಷ್ಟು ಘಟಕಗಳು ಮೇಲೆ ಹೇಳಿದ ಮಿತಿಗಿಂತ ಕೆಳಗೇ ಉಳಿಯುತ್ತವೆ. ಹಾಗೆಂದು ಅವು ನಿರಪಾಯವಲ್ಲ. ಹಲವು ವರ್ಷಗಳ ಹಿಂದೆ ಒಂದು ಪಟ್ಟಣದ ನೀರಿನ ಘಟಕದಲ್ಲಿ ಹಳೆಯ ಸಿಲಿಂಡರಿನ ಕವಾಟ ಸಡಿಲಗೊಂಡು, ಸಮೀಪದ ಓಣಿಯ ಒಂಬತ್ತು ಜನರನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಸಿಲಿಂಡರಿನಲ್ಲಿ ಇದ್ದುದೇನು ಎಂದು ಕೇಳಿದರೆ ಕರೆತಂದ ಸಿಬ್ಬಂದಿಗೆ ‘ಔಷಧಿ’ ಎಂಬುದಷ್ಟೇ ಗೊತ್ತಿತ್ತು. ಕಣ್ಣು ತೊಳೆಸಿ, ಆಮ್ಲಜನಕವಿರುವ ಜಿಲ್ಲಾ ಆಸ್ಪತ್ರೆಗೆ ಅವರನ್ನು ಕಳಿಸಿದೆವು.

ಮಿತಿ ಮೀರಿದ ಘಟಕಗಳಿಗೆ ಬರೋಣ. ಚಟುವಟಿಕೆ ಆರಂಭಿಸುವುದಕ್ಕೆ ಮೂರು ತಿಂಗಳು ಮೊದಲೇ ಸ್ಥಳದ ವಿವರವನ್ನು ಒಪ್ಪಿಸಬೇಕು. ಕಾರ್ಮಿಕರಿಗೆ ತಿಳಿವಳಿಕೆ, ತರಬೇತಿ, ರಕ್ಷಣಾ ಸಾಧನ ಮತ್ತು ವಿಷಕ್ಕೆ ಪ್ರತಿವಿಷವಿದ್ದರೆ ಅದನ್ನೂ ಒದಗಿಸಬೇಕು. ಆವರಣದೊಳಗಿನ ತುರ್ತು ಯೋಜನೆಯನ್ನು ಮಾಲೀಕನು ಬರೆಯಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು. ಆವರಣದ ಹೊರಗಿನ ತುರ್ತು ಯೋಜನೆ ಜಿಲ್ಲಾಡಳಿತದ ಹೊಣೆ. ಅದನ್ನು ವರ್ಷಕ್ಕೆ ಒಮ್ಮೆಯಾದರೂ ಅಭ್ಯಾಸ ಮಾಡಬೇಕು. ಅಪಘಾತವಾದರೆ 48 ಗಂಟೆಗಳೊಳಗೆ ವರದಿ ಕೊಡಬೇಕು. ಇಲ್ಲಿ ‘ದೊಡ್ಡ ಅಪಘಾತ’ ಎಂಬುದಕ್ಕೆ ಕೊಟ್ಟಿರುವ ವ್ಯಾಖ್ಯೆಯನ್ನು ಗಮನಿಸಬೇಕು: ಆವರಣದ ಒಳಗೆ ಹತ್ತು ಜನ ಗಾಯಗೊಂಡರೆ ದೊಡ್ಡ ಅಪಘಾತ, ಹೊರಗೆ ಒಬ್ಬನೇ ಗಾಯಗೊಂಡರೂ ದೊಡ್ಡ ಅಪಘಾತ. ಗೋಡೆಯಾಚೆಯವನು ಆ ಅಪಾಯವನ್ನು ಒಪ್ಪಿಕೊಂಡವನಲ್ಲ, ಅದರಿಂದ ಸಂಬಳ ಪಡೆದವನೂ ಅಲ್ಲ.

ನಮ್ಮ ದೃಷ್ಟಿಯಲ್ಲಿ ಈ ನಿಯಮಾವಳಿಯ ಹೃದಯವಿರುವುದು 15ನೆಯ ನಿಯಮದಲ್ಲಿ. ಅಪಘಾತವಾದರೆ ಬಾಧೆಗೆ ಒಳಗಾಗಬಹುದಾದ ಹೊರಗಿನ ಜನರಿಗೆ, ಅಪಾಯದ ಸ್ವರೂಪವೇನು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕಾರ್ಖಾನೆಯು ತಾನೇ ಆಗಲಿ ಜಿಲ್ಲಾಡಳಿತದ ಮೂಲಕವಾಗಲಿ ಮುಂಚಿತವಾಗಿ ತಿಳಿಸಬೇಕೆಂದು ಅದು ವಿಧಿಸುತ್ತದೆ. ಭೋಪಾಲದ ಜನರಿಗೆ ಯಾರೂ ಹೇಳದೆ ಹೋದ ಒದ್ದೆ ಬಟ್ಟೆಯ ಮಾತು ಇಲ್ಲಿ ಕಾನೂನಾಗಿದೆ.

1996ರಲ್ಲಿ ಇನ್ನೊಂದು ನಿಯಮಾವಳಿ ಬಂದಿತು, ರಾಸಾಯನಿಕ ಅಪಘಾತಗಳಿಗೆ ಸಿದ್ಧತೆಯ ವಿಷಯದ್ದು. ಅದರ ಪ್ರಕಾರ ಕೇಂದ್ರ, ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಮಟ್ಟಗಳಲ್ಲಿ ಬಿಕ್ಕಟ್ಟು ನಿರ್ವಹಣಾ ಸಮಿತಿಗಳಿರಬೇಕು. ಜಿಲ್ಲೆಯದಕ್ಕೆ ಜಿಲ್ಲಾಧಿಕಾರಿ, ಸ್ಥಳೀಯದಕ್ಕೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಸ್ಥಳೀಯ ಸಮಿತಿಯ ಸದಸ್ಯರ ಪಟ್ಟಿಯನ್ನು ಓದಿದಾಗ ನಮಗೆ ಸಂತೋಷವೇ ಆಯಿತು. ಕಾರ್ಖಾನೆ ನಿರೀಕ್ಷಕರು, ಅಗ್ನಿಶಾಮಕ ಅಧಿಕಾರಿ, ಪೊಲೀಸ್ ಅಧಿಕಾರಿ, ಕಾರ್ಖಾನೆಗಳವರು, ರಾಸಾಯನಿಕ ಸಾಗಿಸುವವರು ಇದ್ದಾರೆ. ಅವರ ಜೊತೆಗೆ ಊರಿನ ಮುಖಂಡರೊಬ್ಬರು, ಸ್ಥಳೀಯ ಪತ್ರಿಕೆಯ ಸಂಪಾದಕರು, ಇಬ್ಬರು ಸಮಾಜಸೇವಕರು, ಆ ಪ್ರದೇಶದ ಇಬ್ಬರು ಹೆಸರಾಂತ ವೈದ್ಯರು ಇರಬೇಕು. ಸಮಿತಿ ತಿಂಗಳಿಗೊಮ್ಮೆ ಸೇರಬೇಕು. ಯಾರಾದರೂ ಕೇಳಿದರೆ ತನ್ನ ವಲಯದಲ್ಲಿ ಸಂಭವಿಸಬಹುದಾದ ಅಪಘಾತಗಳ ಮಾಹಿತಿ ಕೊಡಬೇಕು. ಕೈಗಾರಿಕಾ ವಲಯಗಳ ಸಮೀಪದಲ್ಲಿ ವೃತ್ತಿ ನಡೆಸುವ ನಮ್ಮ ಕಿರಿಯ ವೈದ್ಯಮಿತ್ರರನ್ನು ಈ ಸಮಿತಿಯ ಬಗ್ಗೆ ವಿಚಾರಿಸಿ ನೋಡಿದೆವು. ಸಭೆಗೆ ಕರೆ ಬಂದವರು ಒಬ್ಬರೂ ಸಿಗಲಿಲ್ಲ.

ಪರಿಹಾರದ ವಿಷಯದಲ್ಲಿ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಿದೆ. ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರು ವಿಮೆ ಮಾಡಿಸಿರಬೇಕು. ಹೊರಗಿನವರಿಗೆ ಹಾನಿಯಾದರೆ, ತಪ್ಪು ಯಾರದೆಂದು ಸಾಬೀತುಪಡಿಸುವ ಭಾರವಿಲ್ಲದೆ ಜಿಲ್ಲಾಧಿಕಾರಿಯ ಮೂಲಕ ತಕ್ಷಣದ ನೆರವು ಸಿಗಬೇಕು. ಆಶಯ ಒಳ್ಳೆಯದು. ಮೂಲ ಕಾಯ್ದೆಯಲ್ಲಿ ಸಾವಿಗೆ ನಿಗದಿಪಡಿಸಿದ್ದ ಮೊತ್ತ 25,000 ರೂಪಾಯಿ. ನ್ಯಾಯಾಲಯದಲ್ಲಿ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಇದರಿಂದ ತಪ್ಪುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ಇಷ್ಟೆಲ್ಲ ಇದ್ದೂ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಹೊರಬಿದ್ದು 12 ಜನ ಸತ್ತರು. ಲಾಕ್‌ಡೌನ್ ಕಾರಣ ವಾರಗಟ್ಟಲೆ ಕಾರ್ಖಾನೆ ನಿಂತಿತ್ತು, ತೊಟ್ಟಿಯಲ್ಲಿ ಸ್ಟೈರೀನ್ ಹಾಗೆಯೇ ಇತ್ತು. ಅದು ಬೆಚ್ಚಗಾದರೆ ತನ್ನಷ್ಟಕ್ಕೆ ಗಟ್ಟಿಯಾಗತೊಡಗಿ, ಆ ಕ್ರಿಯೆಯಲ್ಲಿ ಇನ್ನಷ್ಟು ಕಾಯುತ್ತದೆ. ಅದನ್ನು ತಣ್ಣಗಿಡಬೇಕು, ಗಟ್ಟಿಯಾಗದಂತೆ ತಡೆಯುವ ದ್ರವ್ಯವನ್ನು ಬೆರೆಸುತ್ತಿರಬೇಕು. ಎರಡೂ ಸರಿಯಾಗಿ ನಡೆದಿರಲಿಲ್ಲವೆಂದು ಆಂಧ್ರಪ್ರದೇಶ ಸರ್ಕಾರದ ಉನ್ನತಾಧಿಕಾರ ಸಮಿತಿ ಕಂಡುಕೊಂಡಿತು. ಸೈರನ್ ಇತ್ತು, ಯಾರೂ ಒತ್ತಲಿಲ್ಲ. ಶೀತಲಯಂತ್ರ ಮತ್ತು ಸೈರನ್: ಭೋಪಾಲದಲ್ಲಿ ಸೋತ ಅದೇ ಎರಡು, 35 ವರ್ಷಗಳ ಮೇಲೆ, ಮತ್ತೊಂದು ಊರಿನ ನಿದ್ದೆಯ ಹೊತ್ತಿನಲ್ಲಿ ಸೋತವು. ಬರೆದಿಟ್ಟ ನಿಯಮಕ್ಕೆ ಇಲ್ಲಿ ಕೊರತೆಯಿರಲಿಲ್ಲ. 2023ರ ತಿದ್ದುಪಡಿಯಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗಿದ್ದ ಸೆರೆವಾಸವನ್ನು ತೆಗೆದು, 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನು ಇಡಲಾಗಿದೆ. ಸೆರೆವಾಸದ ಭಯದಿಂದಲೂ ಆಗದಿದ್ದುದು ದಂಡದಿಂದ ಆದೀತೇ ಎಂಬ ಸಂಶಯ ನಮಗಿದೆ. ವೇಗವಾಗಿ ವಸೂಲಾಗುವ ದಂಡವೇ ಮೇಲೆನ್ನುವವರೂ ಇದ್ದಾರೆ.

ಇನ್ನು ವೈದ್ಯರಾಗಿ ಹೇಳಬೇಕಾದ ಮಾತು. ಕ್ಲೋರಿನ್, ಅಮೋನಿಯಾ, ಮೀಥೈಲ್ ಐಸೊಸಯನೇಟ್ ಇವೆಲ್ಲ ಮೊದಲು ಹಿಡಿಯುವುದು ದೇಹದ ಒದ್ದೆಯಾದ ಜಾಗಗಳನ್ನು: ಕಣ್ಣು, ಮೂಗು, ಗಂಟಲು, ಶ್ವಾಸಕೋಶ. ಕ್ಲೋರಿನ್ ಅಲ್ಲಿನ ತೇವದಲ್ಲಿ ಕರಗಿ ಆಮ್ಲವಾಗುತ್ತದೆ, ಅಮೋನಿಯಾ ಕ್ಷಾರವಾಗುತ್ತದೆ. ಕ್ಷಾರವು ಕಣ್ಣಿನೊಳಕ್ಕೆ ಆಳವಾಗಿ ಇಳಿಯುವುದರಿಂದ ಹೆಚ್ಚು ಘಾತಕ. ಶ್ವಾಸಕೋಶದ ಗೋಡೆ ಬೆಂದು ಅದರಲ್ಲಿ ನೀರು ತುಂಬಿಕೊಂಡರೆ, ರೋಗಿ ನೆಲದ ಮೇಲಿದ್ದೂ ಮುಳುಗಿದವನಂತೆ ಸಾಯುತ್ತಾನೆ. ಕೆಲವು ಅನಿಲಗಳಲ್ಲಿ ಈ ನೀರು ತುಂಬುವಿಕೆ ಹಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದರಿಂದ, ಈಗ ಚೆನ್ನಾಗಿದ್ದೇನೆ ಎಂದು ಎದ್ದು ಮನೆಗೆ ಹೊರಟವರನ್ನೂ ಒಂದು ದಿನ ಆಸ್ಪತ್ರೆಯ ನಿಗಾದಲ್ಲಿ ಇಡಬೇಕು.

ಗಾಳಿ ಎತ್ತ ಬೀಸುತ್ತಿದೆಯೆಂದು ಹೊಗೆ, ಬಾವುಟ, ಮರದ ಎಲೆಗಳಿಂದ ನೋಡಿ, ಅದಕ್ಕೆ ಅಡ್ಡಲಾಗಿ ಸರಿಯಬೇಕು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ತಗ್ಗು, ಹಳ್ಳ, ನೆಲಮಾಳಿಗೆಗಳಿಗೆ ಇಳಿಯಬಾರದು, ಎತ್ತರಕ್ಕೆ ಹೋಗಬೇಕು. ಹಲವು ಮಡಿಕೆಯ ಒದ್ದೆ ಬಟ್ಟೆಯಿಂದ ಮೂಗುಬಾಯಿ ಮುಚ್ಚಿಕೊಳ್ಳಬೇಕು. ವೃದ್ಧರು ಅಥವಾ ರೋಗಿಗಳಿದ್ದು ಹೊರಡಲು ಆಗದಿದ್ದರೆ ಕಿಟಕಿ, ಬಾಗಿಲು ಮುಚ್ಚಿ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ ಒಳಗೇ ಇರುವುದು ಮೇಲು. ಬಟ್ಟೆಗೆ ರಾಸಾಯನಿಕ ತಗುಲಿದ್ದರೆ ಅದನ್ನು ಕಳಚಬೇಕು. ಕಣ್ಣನ್ನು ಶುದ್ಧ ನೀರಿನಿಂದ ಕಡಿಮೆಯೆಂದರೂ 15 ನಿಮಿಷ ಎಡೆಬಿಡದೆ ತೊಳೆಯಬೇಕು. ಕಣ್ಣಿಗೆ ತುಪ್ಪ, ಜೇನು, ತಾಯಿಹಾಲು ಹಾಕುವುದು, ಮೂಗಿಗೆ ಎಣ್ಣೆ ಬಿಡುವುದು, ವಾಂತಿ ಮಾಡಿಸುವುದು ಇವನ್ನು ಆಯುರ್ವೇದದ ಹೆಸರಿನಲ್ಲಿ ಯಾರೂ ಮಾಡಬಾರದು. ನಸ್ಯ, ವಮನಗಳಿಗೆ ಕಾಲವೂ ಪಾತ್ರವೂ ಬೇರೆ. ಆ ಮೊದಲ ಗಂಟೆಗಳಲ್ಲಿ ರೋಗಿಗೆ ಬೇಕಾದುದು ಆಮ್ಲಜನಕ. ಅದಿರುವ ಆಸ್ಪತ್ರೆಗೆ 108ಕ್ಕೆ ಕರೆಮಾಡಿ ಸಾಗಿಸುವುದೇ ಚಿಕಿತ್ಸೆ. ತಿಂಗಳುಗಳ ನಂತರವೂ ಉಳಿಯುವ ಕೆಮ್ಮು, ನಿತ್ರಾಣಗಳಿಗೆ ನಮ್ಮ ಪದ್ಧತಿಯಲ್ಲಿ ಮಾಡಬಹುದಾದುದು ಇದೆ, ಅದು ಆಮೇಲಿನ ಮಾತು.

ಅಡುಗೆ ಅನಿಲದ ಟ್ಯಾಂಕರಿನ ವಿಷಯ ಬೇರೆ. ಅಲ್ಲಿ ವಿಷಕ್ಕಿಂತ ಬೆಂಕಿಯ ಭಯ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಹೆದ್ದಾರಿಯ ಮೇಲೆ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡಾಗ ರಸ್ತೆಬದಿಯ ಮನೆಗಳವರೇ ಜೀವ ತೆತ್ತರು. ಟ್ಯಾಂಕರ್ ಉರುಳಿದ್ದನ್ನು ಕಂಡರೆ ನೋಡಲು ಹತ್ತಿರ ಹೋಗಬಾರದು, ವಾಹನ ಚಾಲೂ ಮಾಡಬಾರದು, ಮೊಬೈಲ್ ತೆಗೆದು ಚಿತ್ರ ಹಿಡಿಯುತ್ತ ನಿಲ್ಲಬಾರದು. ಮನೆಯ ಒಲೆ ಆರಿಸಿ ದೂರ ಸರಿದ ಮೇಲೆ 112ಕ್ಕೆ ಕರೆ ಮಾಡಬೇಕು. ಇಂಥ ವಾಹನಗಳ ಮೇಲೆ ಅಪಾಯದ ವಿವರವುಳ್ಳ ಫಲಕವಿರಬೇಕೆಂಬುದೂ ನಿಯಮವೇ. ಅದರಲ್ಲಿರುವ ನಾಲ್ಕು ಅಂಕಿಗಳು ವಸ್ತುವಿನ ಗುರುತು: 1075 ಎಂದಿದ್ದರೆ ಅಡುಗೆ ಅನಿಲ, 1017 ಕ್ಲೋರಿನ್, 1005 ಅಮೋನಿಯಾ. ದೂರದಿಂದಲೇ ಆ ಅಂಕಿಗಳನ್ನು ಓದಿ ಹೇಳಿದರೆ, ಭೋಪಾಲದ ವೈದ್ಯರಿಗೆ ಸಿಗದಿದ್ದ ಉತ್ತರ ಆಸ್ಪತ್ರೆಗೆ ಮೊದಲೇ ತಲಪುತ್ತದೆ.

ಊರ ಪಕ್ಕದಲ್ಲಿ ರಾಸಾಯನಿಕ ಘಟಕವಿರುವ ಭಕ್ತರು ಗ್ರಾಮಸಭೆಯ ಮೂಲಕ ಒಂದು ಅರ್ಜಿಯನ್ನು ಜಿಲ್ಲಾಧಿಕಾರಿಗಳಿಗೂ, ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಕಚೇರಿಗೂ ಕೊಡಬಹುದು. ಆ ಘಟಕವು 1989ರ ನಿಯಮಗಳ ಮಿತಿಯನ್ನು ಮೀರಿದೆಯೇ, ಆವರಣದ ಹೊರಗಿನ ತುರ್ತು ಯೋಜನೆಯಲ್ಲಿ ನಮ್ಮ ಊರಿನ ಹೆಸರಿದೆಯೇ, ಕಳೆದ ಅಣಕು ಕಾರ್ಯಾಚರಣೆ ನಡೆದ ದಿನಾಂಕ ಯಾವುದು, ಸ್ಥಳೀಯ ಬಿಕ್ಕಟ್ಟು ನಿರ್ವಹಣಾ ಸಮಿತಿಯಲ್ಲಿ ನಮ್ಮ ಭಾಗದಿಂದ ಯಾರಿದ್ದಾರೆ ಎಂದು ಕೇಳಿದರೆ ಸಾಕು. ಜೊತೆಗೆ 15ನೆಯ ನಿಯಮದ ಮಾಹಿತಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿ ಕೊಡಬೇಕೆಂದೂ, ಅದರ ಒಂದೊಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ, ಶಾಲೆಗೆ, ಅಂಗನವಾಡಿಗೆ ಹಚ್ಚಬೇಕೆಂದೂ ಕೇಳಬಹುದು. ಸೈರನ್ ಒಮ್ಮೆ ಕೂಗಿದರೆ ಏನರ್ಥ, ಬಿಟ್ಟುಬಿಟ್ಟು ಕೂಗಿದರೆ ಏನರ್ಥ ಎಂಬುದು ಅದರಲ್ಲಿ ಇರಲೇಬೇಕು. ಶಾಲೆಯ ಮಕ್ಕಳು ಅದನ್ನು ಒಂದೇ ದಿನದಲ್ಲಿ ಕಲಿತು ಮನೆಗೆ ಬಂದು ಹಿರಿಯರಿಗೆ ಹೇಳಿಕೊಡುತ್ತಾರೆ.